ಹೋಳುಗಳ ನಡುವೆ ನಡೆದವರು ಯಾರು?

ಚರ್ಚಿನ ಹೊಸ ವರ್ಷದ ಆರಾಧನೆಯಲ್ಲಿ ಬೈಬಲ್ ವಚನ ಇರುವ ವಾಗ್ದಾನದ ಕಾರ್ಡ್ ಕೊಡುತ್ತಾರೆ ಅಲ್ವಾ? ಅದರಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 34ನೇ ಅಧ್ಯಾಯದ ವಚನ ಬಂದದ್ದನ್ನು ನಾನಂತೂ ನೋಡಿಲ್ಲ. ಇವತ್ತು ಅದರ ಬಗ್ಗೆಯೇ ಮಾತಾಡೋಣ.

ಮೊದಲು ಬೈಬಲಿನ ಮೊದಲ ಪುಸ್ತಕ ಆದಿಕಾಂಡ, 15ನೇ ಅಧ್ಯಾಯ. ದೇವರು ಅಬ್ರಾಮನಿಗೆ (ಮುಂದೆ ಅಬ್ರಹಾಮ ಎನಿಸಿಕೊಂಡವನು) ದೇಶ ಕೊಡುತ್ತೇನೆ ಎನ್ನುತ್ತಾನೆ. ಅವನು ಸುಮ್ನೆ ತಲೆಯಾಡಿಸುವುದಿಲ್ಲ. ಸಿಗುತ್ತದೆ ಅಂತ ಹೇಗೆ ನಂಬಲಿ ಎಂದೇ ಕೇಳುತ್ತಾನೆ. ದೇವರು ಗದರಲಿಲ್ಲ, ಗಮನಿಸಿ. ಕಡಸು, ಆಡು, ಟಗರು ತರಿಸಿದ. ಅಬ್ರಾಮ ಅವನ್ನು ಕಡಿದು ಹೋಳುಗಳನ್ನು ಎದುರುಬದುರಾಗಿ ಇಟ್ಟ. ಒಡಂಬಡಿಕೆ ಮಾಡುವವರು ಆ ಹೋಳುಗಳ ನಡುವೆ ನಡೆಯಬೇಕು. ಮಾತು ಮುರಿದರೆ ನನಗೂ ಇದೇ ಗತಿ ಅಂತ ಅದರ ಅರ್ಥ. ಆದರೆ ಹೊತ್ತು ಮುಳುಗುವಾಗ ಅಬ್ರಾಮನಿಗೆ ಗಾಢ ನಿದ್ರೆ. ದೇವರ ಗುರುತಾಗಿ ಹೊಗೆಯಾಡುವ ಒಲೆ, ಉರಿಯುವ ಪಂಜು ಮಾತ್ರ ಹಾದುಹೋದವು. ಅಬ್ರಾಮ ಮಾಡಿದ್ದು ಅಷ್ಟು ಹೊತ್ತು ಹದ್ದುಗಳನ್ನು ಓಡಿಸಿದ್ದು, ಅಷ್ಟೇ! ಹೊಣೆ ಪೂರ್ತಿ ದೇವರದು.

ಈ ಭಾಗ ನಮಗೆ ಬಹಳ ಇಷ್ಟ. ಇರಲಿ, ತಪ್ಪೇನಿಲ್ಲ.

ಈಗ ಯೆರೆಮೀಯ 34ಕ್ಕೆ ಬನ್ನಿ. ಕ್ರಿ.ಪೂ. 588ರ ಸುಮಾರು. ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಯೆಹೂದದ ಅರಸ ಚಿದ್ಕೀಯನ ಕಾಲ. ದೊಡ್ಡವರೆಲ್ಲ ಕರುವನ್ನು ಸೀಳಿ ಹೋಳುಗಳ ನಡುವೆ ನಡೆದರು. ತಮ್ಮದೇ ಜನರಾದ ಇಬ್ರಿಯ ದಾಸದಾಸಿಯರನ್ನು ಬಿಡುತ್ತೇವೆ ಅಂತ ದೇವಾಲಯದಲ್ಲೇ ಮಾತು ಕೊಟ್ಟರು. ಬಿಟ್ಟರು ಕೂಡ. ಅಷ್ಟರಲ್ಲಿ ಐಗುಪ್ತದ (ಈಜಿಪ್ಟಿನ) ಸೈನ್ಯ ಹೊರಟ ಸುದ್ದಿ ಬಂತು, ಬಾಬೆಲಿನವರು ಹಿಂದೆ ಸರಿದರು. ಭಯ ಹೋಯಿತು ನೋಡಿ, ಬಿಟ್ಟ ಆಳುಗಳನ್ನೇ ಮತ್ತೆ ಎಳೆದು ತಂದರು.

ದೇವರ ಉತ್ತರ ಕೇಳಿದರೆ ಮೈ ಜುಮ್ಮೆನ್ನುತ್ತದೆ. ನೀವು ಅವರಿಗೆ ಬಿಡುಗಡೆ ಸಾರಲಿಲ್ಲ, ನಾನು ನಿಮಗೆ ಸಾರುತ್ತೇನೆ: ಕತ್ತಿಗೆ, ವ್ಯಾಧಿಗೆ, ಕ್ಷಾಮಕ್ಕೆ ಬಿಡುಗಡೆ. ನೀವು ಸೀಳಿದ ಕರುವಿನ ಗತಿಯೇ ನಿಮಗೆ.

ಇಲ್ಲಿ ಸಿಟ್ಟು ಬಂದದ್ದು ಕಾಣಿಕೆ ಕಡಿಮೆಯಾಯಿತು ಅಂತಲ್ಲ. ದುಡಿಯುವವರಿಗೆ ಕೊಟ್ಟ ಮಾತು ಮುರಿದದ್ದಕ್ಕೆ.

"ಬ್ರದರ್, ಅದು ಹಳೇ ಒಡಂಬಡಿಕೆ, ನಾವು ಕೃಪೆಯಲ್ಲಿದ್ದೇವೆ" ಎನ್ನುವವರಿದ್ದಾರೆ. ಸರಿ, ಮೂರೇ ಅಧ್ಯಾಯ ಹಿಂದೆ ಹೋಗಿ. ಹೊಸ ಒಡಂಬಡಿಕೆಯ ಮಾತು ಬರುವುದು ಯೆರೆಮೀಯ 31ರಲ್ಲಿ. ಅದೂ ಇಸ್ರಾಯೇಲ್ ಮತ್ತು ಯೆಹೂದ ವಂಶದವರಿಗೆ ಹೇಳಿದ ಮಾತು. ಧರ್ಮಶಾಸ್ತ್ರವನ್ನು, ಅಂದರೆ ದೇವರ ಕಟ್ಟಳೆಗಳನ್ನು, ಅಳಿಸುತ್ತೇನೆ ಅಂತ ಅಲ್ಲಿಲ್ಲ, ಹೃದಯದಲ್ಲಿ ಬರೆಯುತ್ತೇನೆ ಅಂತಿದೆ. ಯೇಸು ಹೊಸ ಒಡಂಬಡಿಕೆ ಎಂದು ಕರೆದ ಕರ್ತನ ಭೋಜನದ ಪಾತ್ರೆ ಹಿಡಿದಾಗ ನಾವು ಒಪ್ಪಿಕೊಳ್ಳುವುದು ಇದನ್ನೇ. ಹಾಗಿದ್ದ ಮೇಲೆ ಮನೆಗೆಲಸದವರ ಸಂಬಳ, ತೋಟದ ಆಳುಗಳ ರಜೆ, ಇವೂ ಒಡಂಬಡಿಕೆಯ ವಿಷಯಗಳೇ ಅಂತ ನಾನು ಹೇಳುತ್ತೇನೆ. ಒಪ್ಪದವರು ಎರಡೂ ಅಧ್ಯಾಯ ಒಟ್ಟಿಗೆ ಓದಿ ಬನ್ನಿ. ಆಮೇಲೆ ಜಗಳ ಆಡೋಣ.