ಸರ್ವ್ ಹಿಂದಿನ ಗೆರೆಗೆ ಬೀಳಲಿ

ನಮಸ್ಕಾರ. ಇವತ್ತು ನೇರವಾಗಿ ವಿಷಯಕ್ಕೆ ಬರುತ್ತೇನೆ. ಕಾರವಾರದಲ್ಲಿ ನನ್ನ ಜೊತೆ ಪಿಕಲ್‌ಬಾಲ್ (ಬ್ಯಾಟಿನಿಂದ ತೂತಿನ ಪ್ಲಾಸ್ಟಿಕ್ ಚೆಂಡನ್ನು ನೆಟ್ ದಾಟಿಸುವ ಆಟ) ಆಡುವವರಲ್ಲಿ ಹೆಚ್ಚಿನವರು ಬ್ಯಾಡ್ಮಿಂಟನ್‌ನಿಂದ ಬಂದವರು. ನಾನೂ ಅಲ್ಲಿಂದಲೇ ಬಂದೆ. ಕೋರ್ಟ್ ಕೂಡ ಬ್ಯಾಡ್ಮಿಂಟನ್ ಡಬಲ್ಸ್‌ದೇ ಅಳತೆ, 44 ಅಡಿ ಉದ್ದ, 20 ಅಡಿ ಅಗಲ. ಹಾಗಾಗಿ ಸರ್ವ್ ಕೂಡ ಅದೇ ಅಂದುಕೊಂಡುಬಿಡುತ್ತೇವೆ. ನೆಟ್ ಸವರಿಕೊಂಡು ಹೋಗಿ ಮುಂದೆಯೇ ಬೀಳುವ ಚಿಕ್ಕ ಸರ್ವ್. ಈ ಅಭ್ಯಾಸ ಬಿಡಲೇಬೇಕು ಮಾರಾಯ್ರೇ.

ಯಾಕೆ ಹೇಳಿ? ಇಲ್ಲಿ ಎದುರಿನವರ ರಿಟರ್ನ್ ನೆಲಕ್ಕೆ ಬಿದ್ದು ಪುಟಿಯುವ ತನಕ ನಾವು ಹೊಡೆಯುವ ಹಾಗಿಲ್ಲ. ಹಾಗಾಗಿ ನಾವು ಹಿಂದೆಯೇ ನಿಲ್ಲಬೇಕು. ಅವರೋ ಹೊಡೆದ ತಕ್ಷಣ ಕಿಚನ್ ಗೆರೆಗೆ ಓಡಿಬರುತ್ತಾರೆ. ಕಿಚನ್ ಅಂದರೆ ನೆಟ್ ಪಕ್ಕದ ಜಾಗ, ಅದರೊಳಗೆ ನಿಂತು ಚೆಂಡು ಪುಟಿಯುವ ಮೊದಲೇ ಹೊಡೆಯುವ ಹಾಗಿಲ್ಲ. ಚಿಕ್ಕ ಸರ್ವ್ ಹಾಕಿದರೆ ಅವರ ಅರ್ಧ ಓಟ ನಾವೇ ಉಳಿಸಿಕೊಟ್ಟ ಹಾಗಾಯಿತು, ಅಲ್ವಾ? ಹಿಂದಿನ ಗೆರೆಯ ಹತ್ತಿರ ಬಿದ್ದರೆ ಅವರು ಹಿಂದೆ ಸರಿದು ಹೊಡೆಯಬೇಕು. ಮುಂದೆ ಬರುವುದು ತಡವಾಗುತ್ತದೆ.

ಇದಕ್ಕೆ ಜೋರು ಬೇಡ. ಸಿಗುವುದು ಒಂದೇ ಸರ್ವ್, ಟೆನಿಸ್ ಹಾಗೆ ಎರಡನೆಯದಿಲ್ಲ. ನೆಟ್ ಮೇಲೆ ಎರಡು ಮೂರು ಅಡಿ ಎತ್ತರದಲ್ಲಿ ಹೋಗಲಿ, ಪರವಾಗಿಲ್ಲ. ಮಣಿಕಟ್ಟು ತಿರುಗಿಸಬೇಡಿ, ಭುಜದಿಂದ ಕೈ ಬೀಸಿ. ಹೊಡೆದ ಮೇಲೆ ಬ್ಯಾಟು ಗುರಿಯ ಕಡೆಗೇ ಹೋಗಲಿ. ಸೊಂಟದ ಕೆಳಗೆ ಹೊಡೆಯುವ ನಿಯಮ ತಲೆಬಿಸಿಯಾದರೆ ಡ್ರಾಪ್ ಸರ್ವ್ ಮಾಡಿ. ಚೆಂಡನ್ನು ಸುಮ್ನೆ ಕೈಯಿಂದ ಬಿಡುವುದು, ಪುಟಿದ ಮೇಲೆ ಹೊಡೆಯುವುದು. ಅದಕ್ಕೆ ಆ ನಿಯಮ ಇಲ್ಲ. ಚೆಂಡನ್ನು ನೆಲಕ್ಕೆ ಒತ್ತಿ ಎಸೆಯಬಾರದು, ಅಷ್ಟೇ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು.

ಅಭ್ಯಾಸಕ್ಕೆ ಹಿಂದಿನ ಗೆರೆಯ ಒಳಗೆ ಒಂದು ಗೋಣಿಚೀಲ ಹಾಸಿ. ಅಡಿಕೆ ಮನೆಯವರಿಗೆ ಗೋಣಿಗೇನು ಬರ! ಆಟಕ್ಕೆ ಮೊದಲು ಇಪ್ಪತ್ತು ಸರ್ವ್, ದಿನಾ.

ಶಿರಸಿ ಕಡೆ ಒಳಾಂಗಣದಲ್ಲಿ ಆಡುವವರಿಗೆ ಒಂದು ಮಾತು. ಬ್ಯಾಡ್ಮಿಂಟನ್‌ನ ಮುಂದಿನ ಸರ್ವ್ ಗೆರೆ ನೆಟ್‌ನಿಂದ ಆರೂವರೆ ಅಡಿ, ಕಿಚನ್ ಗೆರೆ 7 ಅಡಿ. ಬೇರೆ ಟೇಪ್ ಹಚ್ಚಿ. ಸರ್ವ್ ಕಿಚನ್ ಗೆರೆಗೆ ತಾಗಿದರೂ ಫಾಲ್ಟ್.

ಕರಾವಳಿಯಲ್ಲಿ ಬಯಲಲ್ಲಿ ಆಡುವವರಿಗೆ ಗಾಳಿಯದೇ ಚಿಂತೆ. ತೂತಿನ ಹಗುರ ಚೆಂಡು. ಮಧ್ಯಾಹ್ನದ ಮೇಲೆ ಕಡಲಿಂದ ಗಾಳಿ ಎದ್ದರೆ, ಪಡುವಣಕ್ಕೆ ಮುಖ ಮಾಡಿ ಹೊಡೆದ ಸರ್ವ್ ನಡುವೆಯೇ ಕುಸಿಯುತ್ತದೆ. ಆಗ ಸ್ವಲ್ಪ ತಗ್ಗಿಸಿ, ಸ್ವಲ್ಪ ಗಟ್ಟಿಯಾಗಿ ಹೊಡೆಯಿರಿ. ಬದಿ ಬದಲಾಗಿ ಗಾಳಿ ಬೆನ್ನಿಗೆ ಬಂದಾಗ ಗೋಣಿಯನ್ನು ಮನಸ್ಸಲ್ಲೇ ಎರಡಡಿ ನೆಟ್ ಕಡೆಗೆ ಎಳೆದುಕೊಳ್ಳಿ. ಉಳಿದದ್ದನ್ನು ಗಾಳಿಯೇ ಒಯ್ಯುತ್ತದೆ.