ಸಿಸೇರಿಯನ್ ಮಗುವಿನ ಮೊದಲ ವರ್ಷ

ಕೇಳುಗರಿಗೆ ನಮಸ್ಕಾರ.

ಈಚೆಗೆ ನನ್ನ ತಂಗಿಯ ಮಗಳಿಗೆ ಸಿಸೇರಿಯನ್ ಆಯಿತು. ನೋಡಲು ಹೋದಾಗ ಪಾಪು ಮುಷ್ಟಿ ಬಿಗಿಹಿಡಿದು ಮಲಗಿತ್ತು. ಬಾಣಂತಿ ನನ್ನ ಕೈ ಹಿಡಿದುಕೊಂಡು ಕೇಳಿದಳು: "ದೊಡ್ಡಮ್ಮ, ಆಪರೇಷನ್ ಮಾಡಿ ತೆಗೆದ ಮಕ್ಕಳಿಗೆ ಅಲರ್ಜಿ, ಉಬ್ಬಸ ಜಾಸ್ತಿಯಂತೆ, ಹೌದಾ?" ಅವಳ ಕಣ್ಣು ತುಂಬಿತ್ತು. ಅವಳಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳುತ್ತೇನೆ.

ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ. ನಾರ್ಮಲ್ ಹೆರಿಗೆಯಲ್ಲಿ ಮಗು ಹೊರಬರುವಾಗಲೇ ತಾಯಿಯ ಕರುಳಿನ ಸೂಕ್ಷ್ಮಜೀವಿಗಳು ಅದಕ್ಕೆ ಅಂಟಿಕೊಂಡು, ಅದರ ಹೊಟ್ಟೆಯಲ್ಲಿ ನೆಲೆಯೂರುತ್ತವೆ. ಯಾವುದಕ್ಕೆ ಕೆರಳಬೇಕು, ಯಾವುದನ್ನು ಸುಮ್ನೆ ಬಿಡಬೇಕು ಅಂತ ಮಗುವಿನ ಮೈ ಕಲಿಯುವುದು ಇವುಗಳ ಒಡನಾಟದಲ್ಲೇ. ಬ್ರಿಟನ್‌ನಲ್ಲಿ 596 ಶಿಶುಗಳ ಮಲ ಪರೀಕ್ಷಿಸಿ 2019ರಲ್ಲಿ ವರದಿ ಕೊಟ್ಟರು. ಸಿಸೇರಿಯನ್ ಶಿಶುಗಳಲ್ಲಿ ಬ್ಯಾಕ್ಟಿರಾಯ್ಡಿಸ್ ಎಂಬ ಕರುಳಿನ ಜೀವಿ ಬಹಳ ಕಮ್ಮಿ ಇತ್ತು. ಆಸ್ಪತ್ರೆಗಳಲ್ಲಿ ಓಡಾಡುವ ಬ್ಯಾಕ್ಟೀರಿಯಾ ಜಾಸ್ತಿ ಇದ್ದವು.

ಸ್ವೀಡನ್‌ನಲ್ಲಿ 10 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದರು. ಸಿಸೇರಿಯನ್ ಮಕ್ಕಳಲ್ಲಿ ಆಹಾರದ ಅಲರ್ಜಿ ಶೇ. 21ರಷ್ಟು ಹೆಚ್ಚು. ಕೇಳಿದರೆ ಭಯವಾಗುತ್ತೆ ಅಲ್ವಾ? ನೂರರಲ್ಲಿ 21 ಮಕ್ಕಳಿಗೆ ಬಂತು ಅಂತ ಅರ್ಥ ಅಲ್ಲ. ಅಲ್ಲಿ ಅಲರ್ಜಿ ಇದ್ದದ್ದೇ ನೂರಕ್ಕೆ ಎರಡೂವರೆ ಮಕ್ಕಳಿಗೆ. ಆ ಸಣ್ಣ ಪಾಲು ಇನ್ನಷ್ಟು ಏರಿತು, ಅಷ್ಟೇ.

ನನಗೆ ತುಂಬಾ ಧೈರ್ಯ ಕೊಟ್ಟದ್ದು ಡೆನ್ಮಾರ್ಕಿನ ಕೆಲಸ. 700 ಮಕ್ಕಳನ್ನು ಹುಟ್ಟಿನಿಂದ ಆರು ವರ್ಷದವರೆಗೆ ನೋಡಿಕೊಂಡು ಬಂದು, 2020ರಲ್ಲಿ ಪ್ರಕಟಿಸಿದರು. ಒಂದು ವರ್ಷ ತುಂಬಿದರೂ ಹೊಟ್ಟೆಯ ಜೀವಿಗಳು ಸಿಸೇರಿಯನ್ ಗುರುತನ್ನೇ ಉಳಿಸಿಕೊಂಡಿದ್ದ ಮಕ್ಕಳಲ್ಲಿ ಅಸ್ತಮಾ ಜಾಸ್ತಿ. ವರ್ಷದೊಳಗೆ ಸರಿಹೋದ ಸಿಸೇರಿಯನ್ ಮಕ್ಕಳಲ್ಲಿ ಆ ಹೆಚ್ಚಿನ ಅಪಾಯ ಕಾಣಲಿಲ್ಲ.

ಸಿಸೇರಿಯನ್ ಮಗುವಿಗೂ ತಾಯಿಯ ಸೂಕ್ಷ್ಮಜೀವಿಗಳು ಸಿಗಲಿ ಅಂತ, ಅವಳ ಯೋನಿಯ ದ್ರವವನ್ನು ಬಟ್ಟೆಯಲ್ಲಿ ತೆಗೆದು ಮಗುವಿಗೆ ಸವರುವ ಪ್ರಯೋಗವೂ ನಡೆದಿದೆ. ದಯವಿಟ್ಟು ನೀವಾಗಿ ಮಾಡಬೇಡಿ. ಸೋಂಕು ದಾಟುವ ಭಯವಿದೆ. ಅದರ ಬದಲು ಎದೆಹಾಲು ಕೊಡಿ. ಅದರಲ್ಲಿ ಮಗುವಿಗೆ ಅರಗದ ಒಂದು ಬಗೆಯ ಸಕ್ಕರೆ ಇದೆ. ಅದು ಬಿಫಿಡೋಬ್ಯಾಕ್ಟೀರಿಯಾ ಎಂಬ ಒಳ್ಳೆಯ ಜೀವಿಗಳ ಊಟ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಜೇನುತುಪ್ಪ ನೆಕ್ಕಿಸುವುದಂತೂ ಬೇಡವೇ ಬೇಡ.

ಇಷ್ಟು ಹೇಳುವಷ್ಟರಲ್ಲಿ ಪಾಪು ಎದ್ದಿತು. ಅವಳ ಬೆನ್ನಿಗೆ ದಿಂಬು ಕೊಟ್ಟೆ. ಹೊಲಿಗೆಗೆ ತಾಗದ ಹಾಗೆ ಕೂಸನ್ನು ಕಂಕುಳ ಕೆಳಗೆ, ಪಕ್ಕದಿಂದ ಹಿಡಿಸಿದೆ. ಎರಡು ಸಲ ತಡಕಾಡಿ, ಆಮೇಲೆ ಗಟ್ಟಿಯಾಗಿ ಬಾಯಿ ಹಾಕಿತು.