ಮದುವೆ ಬೇಡ, ಕಾನೂನಿನ ಆಸರೆ ಬೇಕು: ಲಂಡನ್ ಜೋಡಿಯ ಐದು ವರ್ಷದ ಹೋರಾಟ

(ಪರದೆ ಮೇಲೆ: ಇಂಗ್ಲೆಂಡಿನ ಹಳೆಯ ಮದುವೆ ಸರ್ಟಿಫಿಕೇಟ್)

ನಮಸ್ಕಾರ. ಈ ಕಾಗದವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹುಡುಗನ ಅಪ್ಪನ ಹೆಸರು ಇದೆ, ಅವರು ಮಾಡುವ ಕೆಲಸ ಇದೆ. ಹುಡುಗಿಯ ಅಪ್ಪನದ್ದೂ ಇದೆ. ಅಮ್ಮಂದಿರದ್ದು? ಬರೆಯೋಕೆ ಜಾಗವೇ ಇಲ್ಲ. 1837ರಿಂದ ಹೀಗೇ ನಡೆದುಬಂದಿತ್ತು.

ಹೆಣ್ಣನ್ನು ಗಂಡಿನ ಸ್ವತ್ತಿನ ಹಾಗೆ ಕಂಡ ಇತಿಹಾಸ ಮದುವೆಗಿದೆ, ಅದು ನಮಗೆ ಬೇಡ ಅಂದವರು ರೆಬೆಕಾ ಸ್ಟೈನ್‌ಫೆಲ್ಡ್ ಮತ್ತು ಚಾರ್ಲ್ಸ್ ಕೀಡನ್. ಅವರು ಕೇಳಿದ್ದು ಸಿವಿಲ್ ಪಾರ್ಟ್‌ನರ್‌ಶಿಪ್. ಇಬ್ಬರೂ ಸಹಿ ಹಾಕಿದರೆ ಮುಗೀತು, ಪ್ರಮಾಣವಚನ ಹೇಳಲೇಬೇಕು ಅಂತಿಲ್ಲ. ಹಕ್ಕುಗಳು ಮಾತ್ರ ಹೆಚ್ಚುಕಡಿಮೆ ಮದುವೆಯಷ್ಟೇ.

2014ರಲ್ಲಿ ಚೆಲ್ಸಿಯ ನೋಂದಣಿ ಕಚೇರಿಗೆ ಹೋದರು. ಆಗಲ್ಲ ಅಂದರು. ಯಾಕಂದ್ರೆ 2004ರ ಆ ಕಾಯ್ದೆ ಸಲಿಂಗಿ ಜೋಡಿಗಳಿಗೆ ಮಾತ್ರ. ಆಗ ಅವರಿಗೆ ಮದುವೆಯ ಹಕ್ಕು ಇರಲಿಲ್ಲ, ಅದಕ್ಕೇ ಈ ಏರ್ಪಾಡು. 2014ರ ಮಾರ್ಚ್‌ನಿಂದ ಅವರಿಗೆ ಮದುವೆಯ ಬಾಗಿಲೂ ತೆರೆಯಿತು. ಗಂಡು-ಹೆಣ್ಣಿನ ಜೋಡಿಗೆ ಮಾತ್ರ ಇದ್ದದ್ದು ಒಂದೇ ಬಾಗಿಲು.

(ಪರದೆ ಮೇಲೆ: ಮನೆಯ ಬೀಗದ ಕೈ)

ಸುಮ್ನೆ ಜೊತೆಗಿದ್ದರೆ ಸಾಲದಾ? ಸಾಲದು. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದ್ದರೂ, ಒಬ್ಬರು ವಿಲ್ ಬರೆಯದೆ ತೀರಿಕೊಂಡರೆ ಉಳಿದವರು ತಾನಾಗಿಯೇ ವಾರಸುದಾರರಾಗುವುದಿಲ್ಲ. ಮನೆ ಸತ್ತವರ ಹೆಸರಲ್ಲಿದ್ದರೆ? ದುಃಖದ ನಡುವೆ ಕೋರ್ಟಿಗೆ ಅಲೆಯಬೇಕು. ವಿಲ್ ಇದ್ದರೂ 3,25,000 ಪೌಂಡ್ ದಾಟಿದ ಭಾಗಕ್ಕೆ ಸಾಮಾನ್ಯವಾಗಿ 40% ತೆರಿಗೆ. ಗಂಡ-ಹೆಂಡತಿಗೆ, ಸಿವಿಲ್ ಪಾರ್ಟ್‌ನರ್‌ಗೆ ಆ ತೆರಿಗೆಯೇ ಇಲ್ಲ.

ರೆಬೆಕಾ, ಚಾರ್ಲ್ಸ್ ಹೈಕೋರ್ಟಿನಲ್ಲಿ ಸೋತರು. ಮೇಲ್ಮನವಿ ಕೋರ್ಟಿನಲ್ಲೂ ಸೋತರು, ಅಲ್ಲಿ ಮೂವರಲ್ಲಿ ಒಬ್ಬ ನ್ಯಾಯಾಧೀಶರು ಇವರ ಪರ ಇದ್ದರು. ಸಿವಿಲ್ ಪಾರ್ಟ್‌ನರ್‌ಶಿಪ್ ವಿಚಾರದಲ್ಲಿ ಮುಂದೇನು ಮಾಡೋದು ಅಂತ ಕಾದು ನೋಡೋಣ ಅನ್ನುವುದು ಸರ್ಕಾರದ ವಾದ. 2018ರ ಜೂನ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರೂ ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿದರು. ಈ ಅಸಮಾನತೆ ತಂದದ್ದೇ ನೀವು, ಅದು ಗೊತ್ತಿದ್ದೂ ಯೋಚಿಸೋಕೆ ಟೈಮ್ ಬೇಕು ಅನ್ನುವುದು ನ್ಯಾಯವಾದ ಕಾರಣ ಅಲ್ಲ ಅನ್ನುವುದು ತೀರ್ಪಿನ ತಿರುಳು. ನನಗೆ ಇಡೀ ಕತೆಯಲ್ಲಿ ಜಾಸ್ತಿ ಮುಖ್ಯ ಅನಿಸುವುದು ಇದೇ. ಕಾಯುತ್ತಿದ್ದವರ ಬದುಕು ಅಲ್ಲಿಯ ತನಕ ನಿಂತಿರುವುದಿಲ್ಲ ಅಲ್ವಾ?

ಆದರೆ ಅಲ್ಲಿನ ಕೋರ್ಟಿಗೆ ಪಾರ್ಲಿಮೆಂಟಿನ ಕಾಯ್ದೆಯನ್ನು ರದ್ದು ಮಾಡುವ ಅಧಿಕಾರ ಇಲ್ಲ. ಮಾನವ ಹಕ್ಕಿಗೆ ಹೊಂದುವುದಿಲ್ಲ ಅಂತ ಘೋಷಿಸಬಹುದು, ಅಷ್ಟೇ. ಹಾಗಾಗಿ ಸಂಸದ ಟಿಮ್ ಲಾಟನ್ ತಂದಿದ್ದ ಖಾಸಗಿ ಮಸೂದೆ 2019ರಲ್ಲಿ ಕಾಯ್ದೆ ಆಗಬೇಕಾಯಿತು. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ಕ್ಕೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡು-ಹೆಣ್ಣಿನ ಮೊದಲ ಜೋಡಿಗಳು ಸಹಿ ಹಾಕಿದವು. ರೆಬೆಕಾ, ಚಾರ್ಲ್ಸ್ ಕೂಡ ಅವತ್ತೇ ಸಹಿ ಹಾಕಿದರು. ಅಷ್ಟರಲ್ಲಿ ಅವರಿಗೆ ಇಬ್ಬರು ಹೆಣ್ಣುಮಕ್ಕಳು.

(ಪರದೆ ಮೇಲೆ: ಮತ್ತೆ ಸರ್ಟಿಫಿಕೇಟ್)

ಶುರುವಿನಲ್ಲಿ ತೋರಿಸಿದ ಕಾಗದ ನೆನಪಿದೆಯಾ? ಅದನ್ನು ಬದಲಿಸೋಕೂ ಇದೇ ಕಾಯ್ದೆ ದಾರಿ ಮಾಡಿತು. 2021ರ ಮೇ 4ರಿಂದ ಅದರಲ್ಲಿ ಅಮ್ಮಂದಿರ ಹೆಸರೂ ಇದೆ.